ಪುಟ್ಟಮ್ಮ ಹೇಳಿದ ಫ್ರೆಂಚ್ ಸಿನಿಮಾ

ಮೊನ್ನೆ ಅಟ್ಟದಿಂದ ಇಳಿಸಿದ ಹಳೆಯ ಟೇಬಲ್ ಲ್ಯಾಂಪಿಗೆ ಕರೆಂಟು ಕೊಟ್ಟೆ. ಬಲ್ಬಿನ ಮೇಲಿನ ಧೂಳು ಸುಟ್ಟು ಒಂದು ವಾಸನೆ ಬಂತು ನೋಡಿ, ನಾನು ನಿಂತಲ್ಲೇ ಪೀಣ್ಯದ ನಮ್ಮ ಹಳೇ ಕಾರ್ಖಾನೆಗೆ ಹೋಗಿಬಿಟ್ಟೆ. ಅಲ್ಲಿ ಸಿನಿಮಾ ಪ್ರೊಜೆಕ್ಟರ್ ಬಿಸಿಯಾದಾಗಲೂ ಇದೇ ವಾಸನೆ ಬರುತ್ತಿತ್ತು.

ಎಂಬತ್ತರ ದಶಕದ ಆರಂಭ. ಕಾರ್ಖಾನೆಯಲ್ಲಿ ನಾನು ಬೋಲ್ಟು ಅಳೆಯುವವನು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಮಾತ್ರ ಪಂಡಿತ. ಕ್ಯಾಂಟೀನಿನ ಕಿಟಕಿಗಳಿಗೆ ಗೋಣಿತಾಟು ಕಟ್ಟಿ, ಪೇಟೆಯಿಂದ ಎರವಲು ತಂದ ವಿದೇಶೀ ಚಿತ್ರ ಹಾಕುತ್ತಿದ್ದೆವು. ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿ, ಪರದೆಯ ಪಕ್ಕ ನಿಂತು ಎಲ್ಲರಿಗೂ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನನ್ನ ಇಂಗ್ಲಿಷೋ ಅರ್ಧಂಬರ್ಧ. ತಿಳಿಯದ ಕಡೆ ಸ್ವಂತ ಸರಕು ಸೇರಿಸುತ್ತಿದ್ದೆ. ಹಾಳೂರಿಗೆ ಉಳಿದವನೇ ಗೌಡ, ಕೇಳುವವರು ಯಾರು?

ಕೇಳಿದವಳು ಪುಟ್ಟಮ್ಮ. ಪೀಣ್ಯದ ಹಳೇ ಊರಿನವಳು, ಕ್ಯಾಂಟೀನಿನಲ್ಲಿ ಟೀ ಕೊಡುತ್ತಿದ್ದಳು. ನಾಲ್ಕು ವರ್ಷ ಆಕೆಯ ಕೈಯ ಟೀ ಕುಡಿದಿದ್ದೆ. ದನಿ ಸರಿಯಾಗಿ ಕೇಳಿದ್ದು ಅಂದೇ.

ಅಂದಿನದು ಹಳೆಯ ಫ್ರೆಂಚ್ ಚಿತ್ರ. ದೊಡ್ಡ ಮನೆ, ಕಾಯಿಲೆಯ ತಾಯಿ, ಆಕೆಯನ್ನು ಯಾರು ಇಟ್ಟುಕೊಳ್ಳಬೇಕೆಂದು ಊಟದ ಮೇಜಿನಲ್ಲಿ ಜಗಳವಾಡುವ ಮೂವರು ಮಕ್ಕಳು. ಮೂವರ ದನಿಯನ್ನೂ ಅನುಕರಿಸಿ ನಾನು ಬೆವರು ಸುರಿಸಿದೆ. ಮೊದಲ ರೀಲು ಮುಗಿದು ದೀಪ ಹತ್ತಿತು. ಬಾಗಿಲ ಬಳಿ ಕೆಟಲ್ ಹಿಡಿದು ನಿಂತಿದ್ದ ಪುಟ್ಟಮ್ಮ ಕೇಳಿದಳು:

"ಎಲ್ರುದೂ ಏಳಿದ್ರಿ ಸಾರ್. ಆ ಕಪ್ಪು ಎಣ್ಮಗ್ಳುದು ಏನೂ ಏಳ್ನಿಲ್ವಲ್ಲ?"

ಯಾರು? ನೆನಪಿಸಿಕೊಳ್ಳಲು ಕಷ್ಟಪಟ್ಟೆ. ಆಫ್ರಿಕದ ಕಡೆಯಿಂದ ಬಂದ ಕೆಲಸದವಳೊಬ್ಬಳು ತಟ್ಟೆ ತರುತ್ತಿದ್ದಳು, ಒಯ್ಯುತ್ತಿದ್ದಳು.

"ಅವಳಿಗೆ ಮಾತೇ ಇಲ್ಲಮ್ಮ."

"ಮಾತಿಲ್ದಿದ್ರೆ ಕಥೆ ಇಲ್ವಾ?"

ಜನ ನಕ್ಕರು. ನನಗೆ ಮೈ ಉರಿಯಿತು. "ಹಾಗಿದ್ರೆ ನೀನೇ ಹೇಳು ಬಾ," ಎಂದೆ, ಬರಲಾರಳೆಂಬ ಧೈರ್ಯದಿಂದ. "ಅದೇ ರೀಲ್ ಇನ್ನೊಂದ್ಸಲ ಹಾಕು ಗುರು!" ಎಂದು ಲೇತ್ ವಿಭಾಗದವರು ಕೂಗಿದರು. ಕೆಟಲ್ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಪುಟ್ಟಮ್ಮ ಬಂದೇಬಿಟ್ಟಳು. ಎಡವಿದರೆ ನಾಳೆಯಿಂದ ಇಡೀ ಕಾರ್ಖಾನೆ ಆಡಿಕೊಳ್ಳುತ್ತದೆಂದು ಆಕೆಗೂ ಗೊತ್ತಿತ್ತು, ನನಗೂ.

"ನೋಡಿ, ಅಜ್ಜಿ ಕೆಮ್ಮೋಕ್ ಮುಂಚೇನೇ ಕಿಟಕಿ ಮುಚ್ಚವ್ಳೆ. ಮಕ್ಳಿಗೆ ಕೆಮ್ಮಿದ್ಮೇಲೂ ಕೇಳ್ನಿಲ್ಲ." ಮುಂದಿನ ದೃಶ್ಯ. "ಪಟ ತೆಗ್ಸ್ಕೊಳಾಕೆ ಎಲ್ರೂ ನಿಂತವ್ರೆ. ಎಲ್ರ ಕೋಟೂ ಇವ್ಳ ಕೈಗ್ ಕೊಟ್ಟು ಪಕ್ಕುಕ್ ನಿಲ್ಸವ್ರೆ." ಈಗ ಯಾರೂ ನಗುತ್ತಿರಲಿಲ್ಲ. ಪರದೆಯ ಮೇಲೆ ಮಕ್ಕಳ ಜಗಳ ಜೋರಾಯಿತು. ಪುಟ್ಟಮ್ಮ ಮೇಜಿನ ಕೆಳಗಿನ ಒಂದು ಮೂಲೆಗೆ ಬೆರಳು ತೋರಿಸಿದಳು. ತಟ್ಟೆ ಹಿಡಿದು ನಿಂತ ಆ ಕೆಲಸದವಳ ಬಟ್ಟೆಯ ಅಂಚನ್ನು ಮೇಜಿನ ತುದಿಯಲ್ಲಿ ಕೂತ ತಾಯಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅಮ್ಮ ಯಾರ್ ಜೊತೆ ಇರ್ಬೇಕು ಅಂತ ಕಿತ್ತಾಡ್ತಾವ್ರೆ. ಅಮ್ಮ ಆಗ್ಲೇ ಇವ್ಳ್ ಜೊತೆ ಅವ್ರೆ ಕಣ್ರಪ್ಪ."

ನಾನು ಬೆರಗಾಗಿ ನಿಂತಿದ್ದೆ. ಇಷ್ಟು ದೊಡ್ಡ ಸಂಗತಿ ಕಣ್ಣೆದುರಿಗೇ ಇತ್ತು. ನಾನು ಅಕ್ಷರ ಓದುವುದರಲ್ಲಿದ್ದೆ. ಉಳಿದ ರೀಲುಗಳಿಗೆ ನಾನು ಮಾತು ಹೇಳಿದೆ, ಪುಟ್ಟಮ್ಮ ಮಾತಿಲ್ಲದ್ದನ್ನೆಲ್ಲ ಹೇಳಿದಳು. ಮುಗಿದಾಗ ಲೇತಿನ ಹುಡುಗರು ಆಕೆಯನ್ನು ಕೂರಿಸಿ, ತಾವೇ ಟೀ ಬಗ್ಗಿಸಿ ಕೊಟ್ಟರು. ಆಕೆ ಲೋಟ ಹಿಡಿದುಕೊಂಡು ಅಳುತ್ತಿದ್ದಳು.

ಈಗ ನನ್ನ ಹೆಂಡತಿಗೆ ಕಣ್ಣು ಮಂಜು. ಟಿ.ವಿ.ಯ ಸಿನಿಮಾಗಳನ್ನು ಪಕ್ಕದಲ್ಲಿ ಕೂತು ನಾನೇ ಹೇಳುತ್ತೇನೆ, ಪುಟ್ಟಮ್ಮನ ಕ್ರಮದಲ್ಲಿ. ಮೊದಮೊದಲು "ಕಥೆ ಹೇಳ್ರೀ ಅಂದ್ರೆ ಆಳುಕಾಳುಗಳ ಲೆಕ್ಕ ಕೊಡ್ತೀರಲ್ಲ," ಎಂದು ಗದರುತ್ತಿದ್ದಳು. ನಿನ್ನೆಯ ಸಿನಿಮಾದಲ್ಲಿ ನಾಯಕಿಯನ್ನು ಇಳಿಸಿದ ಡ್ರೈವರ್ ಕಾರಿನ ಪಕ್ಕ ಬಿಸಿಲಲ್ಲಿ ನಿಂತ ಎಂದು ಹೇಳಿದ್ದೆ. ನಾಯಕ ನಾಯಕಿ ಕೊನೆಗೂ ಒಂದಾದರು, ಹಾಡು ಶುರುವಾಯಿತು. ನಾನು ಹಾಡಿಗೆ ತಲೆದೂಗುತ್ತಿದ್ದೆ. ಅವಳು ಮೊಣಕೈಯಿಂದ ತಿವಿದಳು.

"ಆ ಡ್ರೈವರ್ ಇನ್ನೂ ಬಿಸಿಲಲ್ಲೇ ನಿಂತಿದಾನೇನ್ರೀ?"

ನೋಡಿದೆ. ನಿಂತಿದ್ದ.