ಎಡಗೈ ಬ್ಯಾಂಜೊ

ನಾವಿನ್ನೂ ಮುಂಬೈ ಪ್ರಾಂತದಾಗಿದ್ದ ಕಾಲ. ಇಳಕಲ್ ಸೀರಿ ಹೊತ್ಕೊಂಡು ಊರೂರು ಮಾರ್ತಿದ್ದೆ. ಬಾದಾಮಿಯೊಳಗ ನೇಕಾರರ ಹೆಣ್ಣಮಗಳೊಬ್ಬಾಕಿ ಮಗಳ ಮದುವಿ ಸೀರಿಗೆ ಬದಲಾಗಿ, ತೀರಿಹೋದ ಗಂಡ ಹಳೇ ಮಗ್ಗದ ಕಟ್ಟಿಗಿಲೆ ಮಾಡಿದ್ದ, ಗುಂಡಿ ಒತ್ತಿ ಬಾರಿಸೂ ಬ್ಯಾಂಜೊ ಕೊಟ್ಟಳು.

ಬಾಗಲಕೋಟಿ ನಾಟಕದಾಂವ ಮುಟ್ಟಿ ನೋಡಿ, "ಗುಂಡಿ ಎಲ್ಲಾ ಉಲ್ಟಾ ಅದಾವಲ್ರಿ! ಎಡಗೈಯಾಂವ ತನಗಂತ ಮಾಡ್ಕೊಂಡಾನ" ಅಂತ ತಿರುಗಿ ಕೊಟ್ಟ. ಮತ್ಯಾರೂ ಕೊಳ್ಳಲಿಲ್ಲ. ಕಡೀಕ ಇಳಕಲ್ಲಿನ ಬಡಿಗ್ಯಾ ಬರೇ ಕಟ್ಟಿಗಿ ಅಂತ ತಗೊಂಡು, ಕೊಯ್ದು ಮಗ್ಗದ ಲಾಳಿ ಮಾಡಿದ.

ಮರುವರ್ಷ ಬಾದಾಮಿಗೆ ಹೋದಾಗ ಆಕಿ ಕೇಳಿದಳು, "ಅದನ್ನ ಯಾರರ ಬಾರಸ್ತಾರೇನ್ರಿ?"

"ನಾಟಕದಾಗ ದಿನಾ ಬಾರಸ್ತಾರವಾ."

ಆಕಿ ನನ್ನ ಮಾರಿ ನೋಡ್ಕೋತ, "ಎಡಗೈಲೇನ್ರಿ?" ಅಂದಳು.

ಬಣ್ಣ ಹೋಗೂದಿಲ್ಲಂತ ದಿನಾ ಹತ್ತು ಮಂದಿ ಮುಂದ ಆಣಿ ಮಾಡಿ ಸೀರಿ ಮಾರಾಂವಗ, ಅವತ್ತ ಒಂದು 'ಹೌದವಾ' ಅನ್ನಾಕ ಬಾಯಿ ಬರಲಿಲ್ಲ.