ರುಮಾಲಿನ ಕೆಳಗಿನ ಒಪ್ಪಿಗೆ

ಸಾಂಗಲಿಯ ಅರಿಷಿಣ ಪೇಟೆಯಲ್ಲಿ ದಲಾಲರಿಗೆ ಎಂದೂ ಕೊರತೆಯಿರಲಿಲ್ಲ. ಆದರೆ ಅಂಗೈ ಹಿಡಿದ ಮಾತ್ರದಿಂದಲೇ ಮನುಷ್ಯನ ಮನಸ್ಸನ್ನು ತಿಳಿಯಬಲ್ಲವರು ಶ್ರೀ ಗುರುಸಿದ್ಧಪ್ಪನವರೊಬ್ಬರೇ! ಈ ಪಾಡ್ಯದಂದು ಅವರು ದಲಾಲಿಯಿಂದ ನಿವೃತ್ತರಾಗುತ್ತಿದ್ದಾರೆ. ಅವರೊಡನೆ ಒಂದೇ ಗಾದಿಯ ಮೇಲೆ ಕುಳಿತು ದುಡಿದ ನನಗೆ ಅವರ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದ್ದಕ್ಕೆ ಹಿಗ್ಗು ತಡೆಯಲಾಗುತ್ತಿಲ್ಲ.

ನಮ್ಮ ಪೇಟೆಯಲ್ಲಿ ದರವನ್ನು ಬಾಯಿಂದ ಕೂಗುವುದಿಲ್ಲ. ದಲಾಲರು ವ್ಯಾಪಾರಿಯ ಕೈ ಹಿಡಿದು, ಮೇಲೊಂದು ರುಮಾಲು ಹೊದಿಸಿ, ಬೆರಳು ಒತ್ತಿ ಕುದುರಿಸುತ್ತಾರೆ. ಪಕ್ಕದವರಿಗೂ ಸುಳಿವು ಹತ್ತದು. ತರುಣರಾಗಿ ಆರಗವೆಂಬ ಹಳ್ಳಿಯಿಂದ ಬಂದು ಈ ಕಸುಬಿಗಿಳಿದ ಗುರುಸಿದ್ಧಪ್ಪನವರು ರುಮಾಲಿನ ಆ ಕತ್ತಲಲ್ಲೇ ಲೋಕವನ್ನು ಕಲಿತರು. “ಜೋರಾಗಿ ನಗಾವನ ಬೆರಳು ನಡಗತಿರತಾವ ನೋಡ್ರಿ” ಎಂದು ನಮ್ಮನ್ನು ನಗಿಸುವರು. ಸಮಡೋಳಿಯ ರೈತರೊಬ್ಬರು ಸರಿಯಾಗಿ ಒಣಗದ ಅರಿಷಿಣ ತಂದಾಗ ನಾಲ್ವರೆದುರು ಅದನ್ನಾಡದೆ, ಪಕ್ಕಕ್ಕೆ ಕರೆದು, “ಇನ್ನಷ್ಟು ಬಿಸಲಿಗೆ ಹಾಕಿ ತರ್ರಿ” ಎಂದು ಮೆಲ್ಲನೆ ಹೇಳಿ ಕಳುಹಿಸಿದರು. ಮಾಲಿಗಿಂತ ಮಾನ ಅವರಿಗೆ ದೊಡ್ಡದು.

ಆ ಗುಣದಿಂದಲೇ ನನ್ನ ಬಾಳು ಉಳಿಯಿತು! ಮಿರಜದ ಬಾಳಪ್ಪನವರ ಮಗಳು ನೀಲಗಂಗವ್ವಳೊಡನೆ ನನ್ನ ಮದುವೆಯ ನಿಶ್ಚಯವೆಂದು ಹೊರಟ ನಮ್ಮ ಗಾಡಿಗಳು ತಡವಾಗಿ ತಲುಪಿದವು. ಬಾಗಿಲಲ್ಲೇ ಬಾಳಪ್ಪನವರು, “ಸಾಂಗಲಿ ಸಂಸ್ಥಾನದಾಗ ಗಡಿಯಾರ ಇಲ್ಲೇನ್ರಿ?” ಎಂದರು. ನಮ್ಮ ತಂದೆಯವರು, “ಮಿರಜ ಸಂಸ್ಥಾನದಾಗ ಮರ್ಯಾದಿ ಇಲ್ಲೇನ್ರಿ?” ಎಂದರು. ತಂದ ಚಹಾ ಆರಿಹೋಯಿತು. ಇಬ್ಬರಿಗೂ ಸಂಬಂಧ ಬೇಕು. ಬೀಗರೆದುರು ಮೊದಲು ಸೋಲುವುದು ಮಾತ್ರ ಇಬ್ಬರಿಗೂ ಬೇಡ. ಕೊನೆಗೆ ನಮ್ಮ ತಂದೆ ಗಾಡಿ ಹೂಡಲು ಹೇಳಿದರು. ಒಳಬಾಗಿಲಲ್ಲಿ ನಿಂತಿದ್ದ ನೀಲಗಂಗವ್ವಳ ಮುಖ ಕಂಡು ನನಗೆ ಜೀವವೇ ಹೋದಂತಾಯಿತು.

ಆಗ ನಮ್ಮೊಡನೆ ಬಂದಿದ್ದ ಗುರುಸಿದ್ಧಪ್ಪನವರು ಎದ್ದು, ಇಬ್ಬರು ಹಿರಿಯರ ಕೈಗಳನ್ನು ಕೂಡಿಸಿ, ಅವುಗಳೊಳಗೆ ತಮ್ಮ ಕೈಯನ್ನೂ ಹೆಣೆದು, ಹೆಗಲ ಮೇಲಿನ ರುಮಾಲನ್ನು ಹೊದಿಸಿಬಿಟ್ಟರು!

“ಮದುವಿ ಆಗಲಿ ಅನ್ನಾವ್ರು ಕೈ ಒತ್ತರಿ. ಯಾರು ಮೊದಲು ಒತ್ತಿದ್ರು ಅಂತ ಮಂದಿಗೆ ಕಾಣಂಗಿಲ್ಲ.”

ತುಸು ಹೊತ್ತಿನಲ್ಲಿ ನಮ್ಮ ತಂದೆಯ ಮುಖ ಸಡಿಲಿತು. ಬಾಳಪ್ಪನವರ ಕಣ್ಣು ತುಂಬಿದವು. “ಆತು, ಸಕ್ಕರಿ ಹಂಚರಿ!” ಎಂದು ಗುರುಸಿದ್ಧಪ್ಪನವರು ಕೂಗಿದರು.

ಮೊದಲು ಸೋತವರು ಬೀಗರೇ ಎಂದು ನಮ್ಮ ತಂದೆ ಇಲ್ಲಿ, ನಮ್ಮ ಮಾವ ಅಲ್ಲಿ, ಲಿಂಗೈಕ್ಯರಾಗುವವರೆಗೂ ಮೀಸೆ ತಿರುವಿದರು. ಇಬ್ಬರೂ ಈಗಿಲ್ಲ. ಹೋದ ವಾರ ನಾವು ದಂಪತಿಗಳು ಗುರುಸಿದ್ಧಪ್ಪನವರ ಮನೆಗೆ ಹೋಗಿ, “ಕಾಕಾ, ಇನ್ನರ ಹೇಳ್ರಿ, ಮೊದಲು ಒತ್ತಿದವ್ರು ಯಾರು?” ಎಂದು ಬೆನ್ನುಹತ್ತಿದೆವು.

“ಇಬ್ರ ಕೈನೂ ಕಲ್ಲಾಗಿದ್ವು,” ಎಂದು ನಕ್ಕರು. “ಮೊದಲು ಒತ್ತಿದಾವ ನಾನ! ಅವ್ರು ಸೋತ್ರು ಅಂತ ಇವ್ರು, ಇವ್ರು ಸೋತ್ರು ಅಂತ ಅವ್ರು ತಿಳಕೊಂಡ್ರು. ಆಮ್ಯಾಲ ಇಬ್ರೂ ಎಷ್ಟು ಗಟ್ಟಿ ಒತ್ತಿದ್ರಂದ್ರ, ನನ್ನ ಕೈನ ಬಿಡಿಸಿಕೊಳ್ಳಾಕ ಬರಲಿಲ್ಲ.”

ಇಂಥ ಹಿರಿಯರಿಗೆ ಶಿವನು ತುಂಬು ಆಯುಷ್ಯವನ್ನೂ ಗಟ್ಟಿ ಬೆರಳುಗಳನ್ನೂ ಕರುಣಿಸಲಿ. ಪೇಟೆಯ ದಲಾಲಿಯನ್ನು ಅವರು ಬಿಡಲಿ, ಮನೆಗಳ ದಲಾಲಿಯನ್ನು ಮಾತ್ರ ಬಿಡಬಾರದೆಂದು ನನ್ನ ಪ್ರಾರ್ಥನೆ. ನಮ್ಮ ಮಗಳಿಗೆ ಈಗ ವರ ನೋಡುತ್ತಿದ್ದೇವೆ, ಮತ್ತು ನಾನೂ ನಮ್ಮ ತಂದೆಯ ಮಗನೇ!