ವಿಲ್ಫ್ ಆರ್ಮಿಟೇಜನ ಬಲಗಡೆ

ವಿಲ್ಫ್ ಆರ್ಮಿಟೇಜನ ಬಲಗಡೆ ಎರಡು ಬೇಸಿಗೆ ಯಾರೂ ನಿಂತಿರಲಿಲ್ಲ. ಅದು ಅವನ ಗೆಳೆಯ ಸಿಡ್ನಿಯ ಜಾಗ. ಗಣಿಯೊಳಗೆ ಇಬ್ಬರೂ ಜೋಡಿ, ಎಂಬತ್ತನಾಲ್ಕರ ಮುಷ್ಕರದಲ್ಲಿ ಗಣಿ ಗೇಟಿನ ಮುಂದೆ ಪೊಲೀಸರೆದುರು ಜೋಡಿ, ಗಣಿ ಮುಚ್ಚಿದ ಮೇಲೆ ನಮ್ಮ ಈಟಿ ದಳದ ಮೊದಲ ಸಾಲಿನಲ್ಲೂ ಜೋಡಿ. ಎದೆಯಲ್ಲಿ ಕಲ್ಲಿದ್ದಲ ದೂಳು ತುಂಬಿ ಸಿಡ್ನಿ ಸತ್ತ. ವಿಲ್ಫನ ಹೆಂಡತಿ ಅದಕ್ಕೂ ಮೊದಲೇ ಹೋಗಿದ್ದಳು. ಮಕ್ಕಳಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಅವನ ಬಾಯಿಂದ ಹೊರಡುತ್ತಿದ್ದದ್ದು ಅಂಗಡಿಯವಳಿಗೆ ಹೇಳುವ ‘ಒಂದು ಬ್ರೆಡ್ಡು’ ಅಷ್ಟೇ.

ಯಾರ್ಕ್‌ಷೈರಿನ ಗಣಿ ಊರಿನವರು ನಾವು. ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಯಾರದೋ ಹುಲ್ಲುಗಾವಲಲ್ಲಿ ಡೇರೆ ಹಾಕಿ, ಮುನ್ನೂರೆಪ್ಪತ್ತು ವರ್ಷಗಳ ಹಿಂದೆ ರಾಜನಿಗೂ ಪಾರ್ಲಿಮೆಂಟಿಗೂ ಆದ ಕಾಳಗವನ್ನು ಮತ್ತೆ ಆಡುತ್ತೇವೆ. ನಾವು ಪಾರ್ಲಿಮೆಂಟಿನ ಕಡೆ. ರಾಜನ ಕಡೆ ನಿಂತರೆ ನಮ್ಮೂರಲ್ಲಿ ಹೆಣ ಹೊರಲೂ ಜನ ಬರಲಿಕ್ಕಿಲ್ಲ. ಮುಷ್ಕರದ ಅಡುಗೆಮನೆಯಲ್ಲಿ ಮುನ್ನೂರು ಜನಕ್ಕೆ ಆಲೂಗಡ್ಡೆ ಬೇಯಿಸಿದವಳು ನಾನು. ಈಗ ದಳಕ್ಕೆ ಬಟಾಣಿ ಗಂಜಿ ಬೇಯಿಸುತ್ತೇನೆ, ಕಾಳಗದ ನಡುವೆ ನೀರು ಹೊರುತ್ತೇನೆ.

ಈಟಿಯವರ ಕಾಳಗದಲ್ಲಿ ಚುಚ್ಚುವುದಿಲ್ಲ. ಹದಿನಾರು ಅಡಿಯ ಈಟಿಯನ್ನು ನೆಟ್ಟಗೆ ಆಕಾಶಕ್ಕೆ ಹಿಡಿದು, ಭುಜಕ್ಕೆ ಭುಜ ಒತ್ತಿ, ಎದುರಿನ ಗುಂಪನ್ನು ಹಿಂದಕ್ಕೆ ನೂಕಬೇಕು. ಪಕ್ಕದವನ ಬೆವರು, ಅವನು ಬೆಳಿಗ್ಗೆ ತಿಂದ ಹುರಿದ ಹಂದಿಮಾಂಸದ ವಾಸನೆ, ಎಲ್ಲ ನಿಮ್ಮ ಪಾಲಿಗೆ. ವಿಲ್ಫನಿಗೆ ಇನ್ನೊಬ್ಬರ ಮೈ ತಾಗುತ್ತಿದ್ದದ್ದು ಅಲ್ಲಿ ಮಾತ್ರ.

ಏಪ್ರಿಲಿನಲ್ಲಿ ಟೆರೆನ್ಸ್ ಬಂದ. ದಕ್ಷಿಣದ ಕೆಂಟ್ ಕಡೆಯವನು, ಐವತ್ತರ ಮೇಲಿನ ದಪ್ಪ ಆಳು. ಹೆಂಡತಿ ಬಿಟ್ಟ ಮೇಲೆ ಮಗಳ ಮನೆಯ ಹತ್ತಿರ ಬಂದು ನೆಲೆಸಿದ್ದ. ಸರ್ಕಾರಿ ಕೆಲಸದಿಂದ ನಿವೃತ್ತ ಎಂದ. ನಾನೇ ಅವನನ್ನು ವಿಲ್ಫನ ಡೇರೆಗೆ ಎಳೆದುಕೊಂಡು ಹೋದೆ.

“ಇವ್ನನ್ನ ನೀನೇ ತಯಾರು ಮಾಡು ವಿಲ್ಫ್.”

“ನಂಗೇನು ಬೇರೆ ಕೆಲ್ಸ ಇಲ್ವಾ, ಬೆರಿಲ್?”

“ಇಲ್ಲ.”

ವಿಲ್ಫ್ ಟೆರೆನ್ಸನ ಹೊಸ ಬೂಟು ನೋಡಿದ. “ಇದೇನು, ಮದ್ವೆಗೆ ಬಂದಿದೀಯಾ? ಬಿದ್ರೆ ಏನ್ ಮಾಡ್ತೀಯ, ಹೇಳು.”

“ಎದ್ದೇಳ್ತೀನಿ.”

“ಎದ್ದೇಳೋಕೆ ಹೋದ್ರೆ ಸಾಯ್ತೀಯ. ಉಂಡೆ ಥರ ಮುದುರ್ಕೋ, ತಲೆ ಮುಚ್ಕೋ. ನಾನು ‘ಆಳು ಬಿದ್ದ’ ಅಂತ ಕೂಗ್ತೀನಿ. ಆ ಕೂಗು ಕೇಳಿದ್ರೆ ರಾಜನ ಕಡೆಯೋರೂ ಕಲ್ಲಾಗಿ ನಿಲ್ತಾರೆ. ಅದನ್ನ ಸುಳ್ಳುಸುಳ್ಳೇ ಕೂಗೋನು ನಾಯಿಗಿಂತ ಕಡೆ.”

ಹೀಗೆ ಶುರುವಾಯಿತು. ಗಾಳಿಗೆ ಈಟಿ ಯಾವ ಕಡೆ ವಾಲಿಸಬೇಕು, ಮೊಣಕಾಲು ಎಷ್ಟು ಮಡಚಬೇಕು, ಕಬ್ಬಿಣದ ಟೋಪಿಯೊಳಗೆ ಹಳೇ ಕಾಲುಚೀಲ ಯಾಕೆ ತುರುಕಬೇಕು, ಎಲ್ಲ ಹೇಳಿಕೊಟ್ಟ. ಜೂನ್ ಹೊತ್ತಿಗೆ ಟೆರೆನ್ಸ್ ಪ್ರತಿ ಗುರುವಾರ ವಿಲ್ಫನ ಮನೆಗೆ ಹೋಗಿ ಈಟಿಗಳಿಗೆ ಅಗಸೆ ಎಣ್ಣೆ ಸವರುತ್ತಿದ್ದ. ಬೇಕರಿಯಲ್ಲಿ ವಿಲ್ಫ್ ಎರಡು ಮಾಂಸದ ಕಡುಬು ಕೇಳಿದನಂತೆ. ಅಂಗಡಿಯವಳು ನನಗೆ ಹೇಳಿ ನಕ್ಕಳು. ಆಗಸ್ಟಿನಲ್ಲಿ, ಯಾರೂ ಕೇಳದೆ, ವಿಲ್ಫ್ “ಬಲಗಡೆ ಬಾ” ಎಂದು ಟೆರೆನ್ಸನನ್ನು ಮೊದಲ ಸಾಲಿಗೆ ಕರೆದ.

ಆ ಶನಿವಾರ ರಾಜನ ಕಡೆಯವರು ಸಂಖ್ಯೆಯಲ್ಲಿ ಹೆಚ್ಚಿದ್ದರು. ನೂಕಾಟ ಜೋರಾಯಿತು. ನಾನು ಬಕೆಟ್ಟು ಹಿಡಿದು ಹತ್ತು ಹೆಜ್ಜೆ ಆಚೆ ನಿಂತಿದ್ದೆ. ಒತ್ತಡ ಮೈಮೇಲೆ ಬಂದಾಗ ಟೆರೆನ್ಸ್ ಕಲಿತದ್ದೆಲ್ಲ ಮರೆತ. ವಿಲ್ಫನ ತೋಳಿಗೆ ತನ್ನ ತೋಳನ್ನು ಕೊಂಡಿ ಹಾಕಿದ. ಹಿಮ್ಮಡಿ ಅಗಲಿಸಿ ನೆಲಕ್ಕೆ ಊರಿದ. ಗದ್ದ ಎದೆಗೆ ಒತ್ತಿ, “ಒಂದು, ಎರಡು, ಹೂಂ” ಎಂದು ಎಣಿಸುತ್ತ ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ನೂಕತೊಡಗಿದ. ಆ ನೂಕು ನಮ್ಮೂರಿನ ಗಂಡಸರ ಎದೆಗೂಡಿಗೆ ಚೆನ್ನಾಗಿ ಗೊತ್ತು. ವರ್ಷವಿಡೀ ಗೇಟಿನ ಮುಂದೆ ತಿಂದದ್ದು ಅದನ್ನೇ.

ವಿಲ್ಫನ ಮುಖ ಬೂದಿಯಾಯಿತು.

“ಆಳು ಬಿದ್ದ!” ಎಂದು ಕಿರುಚಿದ.

ಎರಡೂ ಕಡೆಯವರು ಕಲ್ಲಾದರು. ಎಲ್ಲರೂ ನೆಲ ನೋಡಿದರು. ಯಾರೂ ಬಿದ್ದಿರಲಿಲ್ಲ. ವಿಲ್ಫ್ ತೋಳು ಬಿಡಿಸಿಕೊಂಡ.

“ಯಾರಪ್ಪಾ ಬಿದ್ದಿದ್ದು?” ಎದುರಿನವನೊಬ್ಬ ಕೇಳಿದ.

“ಯಾರೂ ಇಲ್ಲ. ನಂದೇ ತಪ್ಪು.” ಮತ್ತೆ ಟೆರೆನ್ಸನ ಕಡೆ ತಿರುಗಿ, “ತೋಳು ಕೊಂಡಿ ಹಾಕ್ಬೇಡ. ಒಬ್ಬ ಬಿದ್ರೆ ಇಬ್ರೂ ಬೀಳ್ತೀವಿ,” ಎಂದ. ದನಿ ಒಂದಿಷ್ಟೂ ಏರಲಿಲ್ಲ. ಆಟ ಮುಂದುವರಿಯಿತು.

ಸಂಜೆ ಚಹಾ ಹೊತ್ತಿಗೆ ನನ್ನ ಒಲೆಯ ಹತ್ತಿರ ಇಬ್ಬರೂ ಕೂತರು.

“ಆ ನೂಕು ಎಲ್ಲಿ ಕಲ್ತೆ?”

ಟೆರೆನ್ಸ್ ಬಟ್ಟಲು ಕೆಳಗಿಟ್ಟ. “ಪೊಲೀಸಲ್ಲಿದ್ದೆ. ಎಂಬತ್ನಾಲ್ಕರಲ್ಲಿ ನಮ್ಮನ್ನ ಬಸ್ಸಲ್ಲಿ ತುಂಬಿ ಇಲ್ಲಿಗೆ ಕಳ್ಸಿದ್ರು. ಇಪ್ಪತ್ನಾಲ್ಕು ವಯಸ್ಸು ನಂಗೆ. ಯಾವ ಊರ ಗೇಟು ಅಂತಾನೂ ಗೊತ್ತಿರ್ಲಿಲ್ಲ.”

“ಮೊದ್ಲೇ ಹೇಳ್ಬೇಕಿತ್ತು.”

“ಹೇಳಿದ್ರೆ ಕಲಿಸ್ತಿದ್ಯಾ?”

“ಇಲ್ಲ.”

“ಮತ್ತೆ?”

ವಿಲ್ಫ್ ಬೆಂಕಿ ಕೆದಕಿದ. “ಆ ವರ್ಷ ಸಿಡ್ನಿಯ ಭುಜದ ಮೂಳೆ ಮುರ್ದ್ರು.”

“ಅದು ನಾನಲ್ಲ, ವಿಲ್ಫ್.”

“ನೀನಲ್ಲ ಅಂತ ನಿಂಗೆ ಗೊತ್ತಾ?”

ಟೆರೆನ್ಸ್ ಇಲ್ಲವೆಂದು ತಲೆಯಾಡಿಸಿದ. ಸುಳ್ಳು ಹೇಳಲಿಲ್ಲ, ಅಷ್ಟು ಒಪ್ಪಬೇಕು. ನನ್ನ ಬಾಯಲ್ಲೂ ಬೇಕಾದಷ್ಟು ಬೈಗುಳ ಇದ್ದವು. ಯಾಕೋ ಬೈಯಲಿಲ್ಲ, ಇಬ್ಬರಿಗೂ ಇನ್ನೊಂದು ಸೌಟು ಗಂಜಿ ಹಾಕಿದೆ. ವಿಲ್ಫ್ ಬಟ್ಟಲು ಎತ್ತಿಕೊಂಡು ತನ್ನ ಡೇರೆಗೆ ಹೋದ.

ಸುಳ್ಳು ಕೂಗಿದವನು ಮಾರನೆಯ ದಿನ ಮೈದಾನಕ್ಕಿಳಿಯುವಂತಿಲ್ಲ. ಭಾನುವಾರ ವಿಲ್ಫ್ ಹಗ್ಗದ ಈಚೆ ನನ್ನ ಪಕ್ಕ, ಐಸ್‌ಕ್ರೀಮ್ ತಿನ್ನುವ ಪ್ರೇಕ್ಷಕರ ನಡುವೆ ನಿಂತ. ಟೆರೆನ್ಸ್ ಮೊದಲ ಸಾಲಿನಲ್ಲಿದ್ದ. ತೋಳಿಗೆ ಕೊಂಡಿಯಿಲ್ಲ, ಗದ್ದ ಮೇಲೆ, ಈಟಿ ನೆಟ್ಟಗೆ.

“ಮೊಣಕಾಲು ಸರಿಯಾಗಿದೆ,” ಎಂದ ವಿಲ್ಫ್.

ಕಾಳಗ ಮುಗಿಯುವ ಮೊದಲೇ ಡೇರೆ ಕಿತ್ತು, ವ್ಯಾನಿಗೆ ಹಾಕಿಕೊಂಡು ಹೊರಟುಹೋದ.

ಟೆರೆನ್ಸ್ ಕೆಸರು ಮೆತ್ತಿಕೊಂಡು ಬಂದ. ವಿಲ್ಫನ ಡೇರೆ ಇದ್ದ ಜಾಗದಲ್ಲಿ ಹುಲ್ಲು ಹಳದಿಯಾಗಿ ಚೌಕವಾಗಿ ಕಾಣುತ್ತಿತ್ತು.

“ಏನಂದ?”

“ಮೊಣಕಾಲು ಸರಿ ಇದೆ ಅಂದ.”

“ಗುರುವಾರ ಹೋಗ್ಲಾ, ಬೆರಿಲ್?”

“ನನ್ನ ಕೇಳ್ಬೇಡ.”

ಗುರುವಾರ ಹೋದನಂತೆ. ಬಾಗಿಲು ತಟ್ಟಿದನಂತೆ. ಒಳಗೆ ರೇಡಿಯೋ ಹಾಡುತ್ತಿತ್ತಂತೆ. ತಟ್ಟಿದ ಮೇಲೆ ಅದೂ ನಿಂತಿತಂತೆ, ಬಾಗಿಲು ಮಾತ್ರ ತೆರೆಯಲಿಲ್ಲ.